ಹೊಗೆ ತಾಗಿದ ಬೆಣ್ಣೆ

ವೀರಬಸಪ್ಪ ಶಿವಮೊಗ್ಗದ ಆಸ್ಪತ್ರೆಯಿಂದ ಶಿಕಾರಿಪುರದ ಮನೆಗೆ ಬಂದ ಹನ್ನೊಂದನೇ ದಿನ, ಅವನ ಹೆಂಡತಿ ದ್ಯಾಮಮ್ಮ ಬೆಳಗಿನ ರೊಟ್ಟಿ ಮುಗಿಸಿ, ಹಿಟ್ಟು ಒರೆಸಿದ ಕಟ್ಟೆಯ ಮೇಲೆ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟಳು. ಎರಡೂ ಆರು ತಿಂಗಳ ಹಿಂದಿನ ರಕ್ತಪರೀಕ್ಷೆಯ ವರದಿಗಳು. ಒಂದು ಗಂಡನದು, ಇನ್ನೊಂದು ಮೈದುನ ಈಶ್ವರನದು.

"ಶರಣ್ಯಾ, ಬಾ ಇಲ್ಲಿ. ಕೆಟ್ಟ ಕೊಬ್ಬು ಅಂತ ಯಾವ ಸಾಲಿನಾಗ ಬರ್ದೈತಿ, ಬೆರಳಿಟ್ಟು ತೋರ್ಸು."

ಶರಣ್ಯ ಈಶ್ವರನ ಮಗಳು. ಸೊರಬದ ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನೀಷಿಯನ್. ಬಸ್ಸಿಗೆ ಹೊರಟಿದ್ದವಳು ಬ್ಯಾಗನ್ನು ಹೆಗಲಿನಲ್ಲೇ ಇಟ್ಟುಕೊಂಡು ಬಗ್ಗಿ ತೋರಿಸಿದಳು.

"ನಿಮ್ಮ ದೊಡ್ಡಪ್ಪಂದು ಎಷ್ಟು?"

"ನೂರಾ ಹನ್ನೆರಡು, ದೊಡ್ಡವ್ವ."

"ನಿಮ್ಮಪ್ಪಂದು?"

"ನೂರಾ ನಲವತ್ತೆಂಟು."

"ಯಾವ್ದು ಹೆಚ್ಚು?"

"ಅಪ್ಪಂದು."

"ಹಂಗಾದ್ರ ಎದಿಯೊಳಗ ಸ್ಪ್ರಿಂಗ್ ಹಾಕಿಸ್ಕೊಂಡು ಬಂದೋರು ಯಾರು?"

ಈಶ್ವರ ಅಲ್ಲೇ ಗೋಡೆಗೊರಗಿ ಕೂತು ಮಂಡಕ್ಕಿ ಒಗ್ಗರಣೆಗೆ ಮೆಣಸಿನಕಾಯಿ ಬಜ್ಜಿ ಕಚ್ಚಿಕೊಳ್ಳುತ್ತಿದ್ದ. ಬಾಯೊಳಗಿನದನ್ನು ನುಂಗದೆ ಸುಮ್ಮನೆ ಹಿಡಿದುಕೊಂಡ. ಕೋಣೆಯೊಳಗೆ ವೀರಬಸಪ್ಪ ಒಗ್ಗರಣೆಯಿಲ್ಲದ ರಾಗಿ ಗಂಜಿ ಕುಡಿಯುವ ಸದ್ದು ಕೇಳುತ್ತಿತ್ತು.

"ನಮ್ಮೋರು ಕಡ್ಡಿ ಇದ್ದಂಗ ಅದಾರ. ಬಜ್ಜಿ ಮುಟ್ಟಿದೋರಲ್ಲ. ನಿಮ್ಮಪ್ಪನ ಹೊಟ್ಟಿ ನೋಡು. ನನಗ ಓದು ಬರದಿದ್ರೂ ಲೆಕ್ಕ ಬರ್ತೈತಿ. ಅವತ್ತು ರಕ್ತ ತೆಗದಾಕಿ ನೀನು. ಹೆಸರು ಬರದಾಕಿ ನೀನು. ನಿಮ್ಮಪ್ಪಂದು ನಮ್ಮೋರ ಹೆಸರಿಗೆ, ನಮ್ಮೋರದು ನಿಮ್ಮಪ್ಪನ ಹೆಸರಿಗೆ ಬರದೀ."

"ಅಕ್ಕ, ಏನ್ ಮಾತಾಡ್ತೀರಿ!" ಎಂದು ಶರಣ್ಯಳ ತಾಯಿ ರೋಜಾ ಒಲೆಯ ಮುಂದಿನಿಂದ ತಿರುಗಿದಳು.

"ಅವತ್ತೇ ನಮ್ಮೋರಿಗೆ ನೂರಾ ನಲವತ್ತೆಂಟು ಅಂತ ಬಂದಿದ್ರ ಡಾಕ್ಟ್ರ ಹತ್ರ ಹೋಗ್ತಿದ್ವಿ. ಗುಳಿಗಿ ಕೊಡ್ತಿದ್ರು. ಇಷ್ಟೆಲ್ಲ ಆಗ್ತಿರ್ಲಿಲ್ಲ. ನಮಗ ಬರೋ ಎಚ್ಚರಿಕಿ ನಿಮಗ ಬಂತು. ನಿಮಗ ಬರೋ ಬ್ಯಾನಿ ನಮಗ ಬಂತು."

ಶರಣ್ಯ ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟಳು. ರೋಜಾ ಕಟ್ಟಿಟ್ಟಿದ್ದ ಬುತ್ತಿ ಕಟ್ಟೆಯ ಮೇಲೇ ಉಳಿಯಿತು.

ಮನೆ ಒಂದೇ, ಅಡಿಗೆಮನೆ ಒಂದೇ, ಒಲೆ ಎರಡು. ಹಿತ್ತಲಿನಾಚೆ ಮಂಡಕ್ಕಿ ಭಟ್ಟಿ, ಪೇಟೆಯಲ್ಲಿ ಮಂಡಕ್ಕಿ ಅಂಗಡಿ. ಅಣ್ಣತಮ್ಮಂದಿರ ಅಪ್ಪ ಕಣ್ಣು ಮುಚ್ಚುವ ಮೊದಲು ಕೆಲಸ ಹಂಚಿ ಹೋಗಿದ್ದ. ಈಶ್ವರ ಎಸ್ಸೆಸ್ಸೆಲ್ಸಿ ಪಾಸಾದವನು, ಅವನಿಗೆ ತಕ್ಕಡಿ. ವೀರಬಸಪ್ಪ ಏಳನೇ ಇಯತ್ತೆಗೆ ಬಿಟ್ಟವನು, ಅವನಿಗೆ ಬೆಂಕಿ. ಇಪ್ಪತ್ತೆಂಟು ವರ್ಷ ಅದು ಹಾಗೇ ನಡೆದಿತ್ತು. ವೀರಬಸಪ್ಪ ನಸುಕಿಗೇ ಎದ್ದು ಭತ್ತದ ಹೊಟ್ಟು, ಒಣಗಿದ ಅಡಿಕೆ ಸಿಪ್ಪೆ ಉರಿಗೆ ಹಾಕಿ ಮರಳು ಕಾಯಿಸುತ್ತಿದ್ದ. ಹೊಟ್ಟು ಹಸಿಯಾಗಿದ್ದರೆ ಹಳೆಯ ಟೈರಿನ ತುಂಡು ಹಾಕುತ್ತಿದ್ದ. ನಡುನಡುವೆ ಅದೇ ಉರಿಯಿಂದ ಬೀಡಿ. ಈಶ್ವರ ಒಂಬತ್ತಕ್ಕೆ ಬಿಳಿ ಅಂಗಿ ತೊಟ್ಟು ಅಂಗಡಿಗೆ ಹೋಗುತ್ತಿದ್ದ.

ಆ ಬಿಳಿ ಅಂಗಿಗಳೇ ದ್ಯಾಮಮ್ಮನ ಕಣ್ಣಿಗೆ ಬಡಿಯುತ್ತಿದ್ದದ್ದು. ಹಿತ್ತಲಿನಲ್ಲಿ ಬಟ್ಟೆ ಹರವಲು ಒಂದೇ ಹಗ್ಗ. ಬಾವಿಯ ಕಡೆಯ ತುದಿಗೆ ರೋಜಾ ನೀಲಿ ಹಾಕಿದ ಅಂಗಿ ಹರವುತ್ತಿದ್ದಳು. ಬೇಲಿಯ ಕಡೆ ದ್ಯಾಮಮ್ಮನದು. ಎಷ್ಟು ಕುಕ್ಕಿದರೂ ಮಸಿ ಬಿಡದ, ಬೂದುಬಣ್ಣದ ಬಟ್ಟೆಗಳು. ಒಬ್ಬಳೇ ಮಗಳನ್ನು ಹೊನ್ನಾಳಿಗೆ ಕೊಟ್ಟ ಮೇಲೆ ಅವಳಿಗೆ ಹಗ್ಗದ ಆ ತುದಿಯನ್ನು ನೋಡುವುದು ಇನ್ನೂ ಹೆಚ್ಚಾಗಿತ್ತು.

ಈಗ ರೋಜಾಳಿಗೂ ಒಂದು ಸಂಕಟ ಹುಟ್ಟಿತ್ತು. ವೀರಬಸಪ್ಪನನ್ನು ನೋಡಲು ಬಂದವರೆಲ್ಲ ದಾಳಿಂಬೆ, ಸೇಬು ತರುತ್ತಿದ್ದರು. ಎಲ್ಲ ದ್ಯಾಮಮ್ಮನ ಕೋಣೆಗೆ ಹೋಗುತ್ತಿತ್ತು.

"ನಾನು ಹೆರಿಗೆ ಆಗಿ ಬಂದಾಗ ಒಂದು ಬಾಳೆಹಣ್ಣು ತಂದೋರಿಲ್ಲ, ಮಾರಾಯ್ರೆ," ಎಂದು ಅವಳು ಗಂಡನ ಹತ್ತಿರ ಗೊಣಗಿದಳು.

"ನೀನೂ ಒಂದು ಸ್ಟೆಂಟ್ ಹಾಕಿಸ್ಕೋ," ಎಂದ ಈಶ್ವರ.

ಸೊರಬದ ಲ್ಯಾಬಿನಲ್ಲಿ ಅಂದು ಶರಣ್ಯ ಯುಗಾದಿ ತಿಂಗಳ ರಿಜಿಸ್ಟರು ತೆಗೆದು ಕೂತಿದ್ದಳು. ಲ್ಯಾಬು ನಡೆಸುವ ಶ್ರೀಕಾಂತ ಕನ್ನಡಕ ಏರಿಸಿ ನೋಡಿದರು.

"ಏನು ಹುಡುಕ್ತಿದೀಯ?"

"ಸರ್, ಏಪ್ರಿಲ್ಲಿನ ಸ್ಯಾಂಪಲ್ ಇನ್ನೂ ಇರ್ತಾವಾ?"

"ಏಪ್ರಿಲ್ಲಿಂದು? ವಾರಕ್ಕೇ ಬಿಸಾಕ್ತೀವಲ್ಲ. ಯಾಕೆ?"

ಅವಳು ಎಲ್ಲ ಹೇಳಿದಳು. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಮನೆಯವರದೇ ರಕ್ತ ತೆಗೆದದ್ದು. ಜಗಲಿಯ ಕಟ್ಟೆಯ ಮೇಲೆ ಅಪ್ಪ, ದೊಡ್ಡಪ್ಪ ಅಕ್ಕಪಕ್ಕ ಕೂತದ್ದು.

"ಹೆಸರು ಯಾವಾಗ ಅಂಟಿಸ್ದೆ?"

"ಇಬ್ಬರದೂ ತೆಗೆದಾದ ಮೇಲೆ, ಸರ್."

ಶ್ರೀಕಾಂತ ಪೆನ್ನು ಕೆಳಗಿಟ್ಟರು. "ಕ್ಲಾಸಲ್ಲಿ ಏನು ಹೇಳಿಕೊಟ್ಟಿದ್ರು?"

"ಒಬ್ಬರದು ತೆಗೆದು, ಅವರೆದುರೇ ಹೆಸರು ಬರೆದು, ಆಮೇಲೆ ಇನ್ನೊಬ್ಬರು ಅಂತ."

"ಮತ್ತೆ?"

"ದೊಡ್ಡವ್ವ ಕಾಫಿ ಆರ್ತದೆ ಅಂತ ಒಳಗಿಂದ ಕೂಗ್ತಾ ಇದ್ರು. ಎರಡೂ ನಳಿಗೆ ಬೆರಳ ಸಂದಿಯಲ್ಲಿ ಹಿಡ್ಕೊಂಡಿದ್ದೆ. ಎಡಗಡೆದು ದೊಡ್ಡಪ್ಪಂದು ಅಂತ ನೆನಪು. ಆದ್ರೆ ಈಗ ಕೇಳಿದ್ರೆ..." ಅವಳು ತನ್ನ ಎಡಗೈ ನೋಡಿಕೊಂಡಳು.

"ಆಸ್ಪತ್ರೆಯ ಚೀಟಿಯಲ್ಲಿ ಏನಿದೆ?"

"ತೊಂಬತ್ತಾರು ಅಂತ ಇದೆ. ಆದರೆ ಅದು ದಾಖಲಾದ ಮೂರನೇ ದಿನದ್ದು. ಅಷ್ಟೊತ್ತಿಗೆ ಮಾತ್ರೆ ಶುರುವಾಗಿತ್ತು."

"ಹಾಗಾದರೆ ಅದು ಸಾಕ್ಷಿಯಲ್ಲ." ಶ್ರೀಕಾಂತ ರಿಜಿಸ್ಟರು ಮುಚ್ಚಿದರು. "ತಪ್ಪು ಆಗಿರ್ಲಿಕ್ಕಿಲ್ಲ. ಆದರೆ ಆಗಿಲ್ಲ ಅಂತ ನಾನೂ ಬರೆದುಕೊಡೋಕಾಗಲ್ಲ."

ಆ ವಾರ ದ್ಯಾಮಮ್ಮ ಗಂಡನ ಅನ್ನ, ಸಾರು ಬೇರೆ ಮಾಡತೊಡಗಿದಳು. ಬೆಣ್ಣೆಯ ಗಡಿಗೆಯನ್ನು ರೋಜಾ ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟದ್ದಕ್ಕೆ ಒಂದು ಜಗಳವಾಯಿತು.

"ಎಷ್ಟು ಸಲ ಹೇಳ್ಬೇಕವ್ವ ನಿನಗ? ಹೊಗಿ ತಾಗಿದ್ರ ಬೆಣ್ಣಿ ಕಮಟಾಗ್ತೈತಿ. ನೆಲುವಿಗೆ ಇಡು ಅಂತ ಮದುವಿ ಆಗಿ ಬಂದ ದಿನದಿಂದ ಹೇಳ್ತೀನಿ."

"ನಿಮ್ಮ ಮನೇರು ಬೆಣ್ಣೆ ತಿನ್ನಂಗಿಲ್ವಲ್ಲ ಅಕ್ಕ. ಕಮಟಾದ್ರೆ ನಿಮಗೇನು?"

"ಹೌದವ್ವ. ತಿನ್ನೋ ಭಾಗ್ಯ ನಿಮ್ಮೋರಿಗೇ ಇರ್ಲಿ."

ಮಾತು ಮನೆಯೊಳಗೇ ಉಳಿದಿದ್ದರೆ ಆಗುತ್ತಿತ್ತು. ದ್ಯಾಮಮ್ಮ ಅದನ್ನು ಬೇಲಿಯಾಚೆಗೂ ದಾಟಿಸಿದಳು. ಪಕ್ಕದ ಮನೆಯ ಲೋಕಮ್ಮನಿಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ಶರಣ್ಯಳೇ ಅವಳ ರಕ್ತ ತೆಗೆದುಕೊಂಡು ಬಸ್ಸು ಹತ್ತುತ್ತಿದ್ದಳು. ಆ ಸೋಮವಾರ ಹೋದರೆ ಲೋಕಮ್ಮ ಬಾಗಿಲಲ್ಲೇ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಬ್ಯಾಡ ತಂಗಿ. ಬೇಜಾರು ಮಾಡ್ಕೋಬ್ಯಾಡ. ನಮ್ಮ ರಕ್ತ ಯಾರ ಹೆಸರಿಗೋ ಹೋಗಿ, ಯಾರದೋ ನಮ್ಮ ಹೆಸರಿಗೆ ಬಂದ್ರೆ ಏನ್ ಮಾಡೋದು? ನಮ್ಮ ಹುಡುಗ ಸ್ಕೂಟರಿನಾಗೆ ಬೇರೆ ಕಡೆ ಕರ್ಕೊಂಡು ಹೋಗ್ತಾನೆ."

ಇನ್ನಿಬ್ಬರು ನೇರ ಲ್ಯಾಬಿಗೇ ಫೋನು ಮಾಡಿದರು. ಶ್ರೀಕಾಂತ ಶರಣ್ಯಳನ್ನು ಕರೆದು, ದನಿ ಏರಿಸದೆ, "ಸದ್ಯಕ್ಕೆ ಸೂಜಿ ಹಿಡೀಬೇಡ. ಒಳಗೆ ಮಷೀನಿನ ಹತ್ತಿರ ಕೂತ್ಕೋ. ತಿಂಗಳ ಕೊನೆಗೆ ನೋಡೋಣ," ಎಂದರು. ಕೊನೆಗೆ ಏನು ನೋಡುವುದು ಎಂದು ಅವಳು ಕೇಳಲಿಲ್ಲ. ಅಂದಿನಿಂದ ಒಂದೊಂದು ನಳಿಗೆಯ ಹೆಸರನ್ನೂ ಮೂರು ಸಲ ಓದಿ ಮಷೀನಿಗೆ ಇಡುತ್ತಿದ್ದಳು. ನಾಲ್ಕು ಗಂಟೆಗೆ ಮುಗಿಯುವ ಕೆಲಸ ಐದೂವರೆಯಾದರೂ ಮುಗಿಯುತ್ತಿರಲಿಲ್ಲ.

ಸಂಜೆ ಊಟಕ್ಕೆ ಕೂತು ಅರ್ಧ ರೊಟ್ಟಿ ಮುರಿದು ಎದ್ದಳು. ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಮಗಳು, "ಅವ್ವ, ನಾನೇ ತಪ್ಪು ಮಾಡಿರಬಹುದು. ನನಗೇ ಗೊತ್ತಿಲ್ಲ. ಈ ಕೆಲಸ ಬಿಟ್ಟುಬಿಡ್ತೀನಿ," ಎಂದಾಗ ರೋಜಾ ತಟ್ಟೆಯನ್ನು ಕುಕ್ಕಿ ಎದ್ದಳು. ಸೀದಾ ಅಡಿಗೆಮನೆಗೆ ಹೋಗಿ ಮೇಲಿನ ಹಲಗೆಯ ಮೆಂತ್ಯದ ಡಬ್ಬಿ ಇಳಿಸಿದಳು. ಮೆಂತ್ಯದೊಳಗೆ ಕೈಯಾಡಿಸಿ ನಾಲ್ಕಾಗಿ ಮಡಿಸಿದ ಕಾಗದವನ್ನೂ ಅರ್ಧ ಖಾಲಿಯಾದ ಮಾತ್ರೆಯ ಹಾಳೆಯನ್ನೂ ತೆಗೆದಳು.

"ರೋಜಾ, ಬ್ಯಾಡ ಕಣೇ," ಎಂದ ಈಶ್ವರ.

"ನೀವು ಬಾಯಿ ಮುಚ್ಚಿ. ನಿಮ್ಮ ಮರ್ಯಾದೆಗೆ ನನ್ನ ಮಗಳ ಅನ್ನ ಹೋಗ್ತಾ ಇದೆ." ಅವಳು ಕಾಗದವನ್ನು ದ್ಯಾಮಮ್ಮನ ಮುಂದೆ ಹಿಡಿದಳು. "ಅಕ್ಕ, ಇದು ಜೂನ್ ತಿಂಗಳದ್ದು. ನಿಮ್ಮ ಮೈದುನಂದು. ಶಿವಮೊಗ್ಗದ ಲ್ಯಾಬಿಂದು. ರಕ್ತ ತೆಗೆದೋರು ಅಲ್ಲಿಯೋರು, ಬರೆದೋರು ಅಲ್ಲಿಯೋರು. ಶರಣ್ಯಾ, ಓದು."

ಶರಣ್ಯ ಮಡಿಕೆ ಬಿಡಿಸಿದಳು. "ನೂರಾ ಐವತ್ತೊಂದು." ಮತ್ತೊಮ್ಮೆ ನೋಡಿದಳು. "ನೂರಾ ಐವತ್ತೊಂದು, ದೊಡ್ಡವ್ವ. ಮಾತ್ರೆ ಶುರು ಮಾಡೋಕೆ ಮುಂಚಿಂದು. ಅಂದರೆ ಯುಗಾದೀಲಿ ಬಂದ ನೂರಾ ನಲವತ್ತೆಂಟು ಅಪ್ಪಂದೇ. ನಾನು ಅದಲು ಬದಲು ಮಾಡಿದ್ರೆ ಅಪ್ಪಂಗೆ ಈಗ ನೂರಾ ಹತ್ತರ ಆಸುಪಾಸು ಬರಬೇಕಿತ್ತು."

ಕೋಣೆಯ ಬಾಗಿಲಲ್ಲಿ ವೀರಬಸಪ್ಪ ಬಂದು ನಿಂತಿದ್ದ. ಅವನಿಗೆ ಸಂಖ್ಯೆ ಬೇಕಿರಲಿಲ್ಲ. ಮಾತ್ರೆಯ ಹಾಳೆ ನೋಡುತ್ತಿದ್ದ.

"ಈಶ್ಯಾ, ನಾಲ್ಕು ತಿಂಗಳಿಂದ ಗುಳಿಗೆ ತಗಂತಿದ್ಯಾ?"

ಈಶ್ವರ ತಲೆ ತಗ್ಗಿಸಿದ. "ಹೂಂ ಅಣ್ಣ."

"ನನಗೆ ಹೇಳಲಿಲ್ಲ."

"ಮೆಂತ್ಯದ ಡಬ್ಬ್ಯಾಗ ಮುಚ್ಚಿಟ್ಟು ನುಂಗ್ಯಾರ," ಎಂದಳು ದ್ಯಾಮಮ್ಮ. ಅವಳ ದನಿ ಈಗ ಬೇರೆಯಾಗಿತ್ತು. "ನಾಲ್ಕು ತಿಂಗಳು! ಹಿಂಗಿಂಗ ಆಗೇತಿ ಅಣ್ಣ, ನೀನೂ ಒಮ್ಮೆ ಡಾಕ್ಟ್ರಿಗೆ ತೋರ್ಸು ಅಂತ ಒಂದು ಮಾತು ಅಂದಿದ್ರ?"

"ಅಂದಿದ್ರೆ ನೀವೇನು ಅಂತಿದ್ರಿ?" ರೋಜಾ ಸೊಂಟಕ್ಕೆ ಕೈಯಿಟ್ಟಳು. "ಬಜ್ಜಿ ತಿಂದ, ಅನುಭವಿಸ್ತಾನೆ ಅಂತ ಪೇಟೆ ತುಂಬ ಹೇಳ್ತಿದ್ರಿ. ನಿಮ್ಮ ಬಾಯಿಗೆ ಹೆದರಿ ಮುಚ್ಚಿಟ್ಟಿದ್ದು. ಅಂಗಿ ಬಿಳಿ ಇದ್ರೇ ನಿಮಗೆ ಸಹಿಸಲ್ಲ."

ದ್ಯಾಮಮ್ಮ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಶರಣ್ಯಳ ಕಡೆ ತಿರುಗಿದಳು. "ಆಯ್ತು. ನೀ ತಪ್ಪು ಬರ್ದಿಲ್ಲ. ಹಂಗಾದ್ರ ನೂರಾ ಹನ್ನೆರಡು ಇದ್ದೋರಿಗೆ ಎದಿ ನರ ಯಾಕ ಕಟ್ಟಿಕೊಂತು? ಅದನ್ನ ಹೇಳು. ದೇವರ ಆಟ ಅಂತ ಮಾತ್ರ ಹೇಳಬ್ಯಾಡ. ಅದನ್ನ ಲೋಕಮ್ಮನೂ ಹೇಳ್ತಾಳ."

ಶರಣ್ಯ ಈ ಪ್ರಶ್ನೆಯನ್ನು ಹದಿನೈದು ದಿನದಿಂದ ಶ್ರೀಕಾಂತರಿಗೆ ಕೇಳಿ ಕೇಳಿ ತಿಳಿದುಕೊಂಡಿದ್ದಳು. ಆದರೂ ಎಲ್ಲಿಂದ ಶುರುಮಾಡುವುದೆಂದು ಹೊಳೆಯದೆ ಸುತ್ತ ನೋಡಿದಳು. ಒಲೆಯ ಪಕ್ಕದ ಗೂಡಿನಲ್ಲಿ ಒಂದು ಸಣ್ಣ ಗಡಿಗೆ ಇತ್ತು, ನೆಲುವಿನ ಮೇಲೆ ಇನ್ನೊಂದು. ಎರಡನ್ನೂ ಇಳಿಸಿ ದೊಡ್ಡವ್ವನ ಮುಂದೆ ಇಟ್ಟಳು.

"ಎರಡರಾಗೂ ಎಷ್ಟೆಷ್ಟು ಬೆಣ್ಣೆ ಐತೆ?"

"ಅರ್ಧರ್ಧ ಸೇರು ಇರಬೇಕು."

"ಮೂಸಿ ನೋಡಿ."

ದ್ಯಾಮಮ್ಮ ಮೂಸಿ, ಗೂಡಿನಲ್ಲಿದ್ದುದನ್ನು ಮೂಗು ಸಿಂಡರಿಸಿ ದೂರ ಸರಿಸಿದಳು. "ಕಮಟಾಗೇತಿ. ಹೇಳಿದ್ದೆ ನಾನು."

"ತೂಕ ಹಾಕಿದ್ರೆ ಎರಡೂ ಒಂದೇ. ನಾವು ಲ್ಯಾಬಿನಾಗೆ ಹಾಕೋದು ತೂಕ ಅಷ್ಟೇ, ದೊಡ್ಡವ್ವ. ಎಷ್ಟೈತೆ ಅಂತ. ಕಮಟಾಗೈತಾ ಅಂತ ಮೂಸಿ ನೋಡೋ ಪರೀಕ್ಷೆ ನಮ್ಮಲ್ಲಿಲ್ಲ. ದೊಡ್ಡ ಊರಾಗೂ ಎಲ್ಲರಿಗೂ ಮಾಡಲ್ಲ."

"ಮನುಷ್ಯಾರ ಒಳಗೂ ಕಮಟಾಗ್ತೈತೇನು?"

"ಅದರಂಗೇ ಒಂದು. ಕೊಬ್ಬು ನೀರಿನಾಗೆ ಕರಗಲ್ಲ. ಅದಕ್ಕೆ ಅದು ರಕ್ತದಾಗೆ ಸಣ್ಣ ಸಣ್ಣ ಉಂಡೆ ಕಟ್ಟಿಕೊಂಡು ಓಡಾಡ್ತದೆ. ಉಂಡೆ ಸರಿ ಇದ್ರೆ ಮೈಯೊಳಗಿನ ಕಾವಲಿನೋರು, ಅಂದರೆ ಬಿಳಿ ರಕ್ತಕಣ, ಇವು ನಮ್ಮವೇ ಅಂತ ಬಿಡ್ತಾರೆ. ಆ ಉಂಡೆ ರಕ್ತನಾಳದ ಗೋಡೆಯೊಳಗೆ ಸೇರಿಕೊಂಡು, ಅಲ್ಲಿ ಅದರ ಮೇಲಿನ ಪದರ ಕೆಟ್ಟರೆ, ಕಾವಲಿನೋರಿಗೆ ಗುರುತು ಸಿಗಲ್ಲ. ಯಾರೋ ಕಳ್ಳ ಅಂತ ನುಂಗ್ತಾರೆ. ಒಂದು ನುಂಗ್ತಾರೆ, ಎರಡು ನುಂಗ್ತಾರೆ, ಸಾಕು ಅನ್ನೋದೇ ಗೊತ್ತಾಗಲ್ಲ ಅವರಿಗೆ. ಕೊಬ್ಬು ತುಂಬಿ ಉಬ್ಬಿ ಉಬ್ಬಿ, ಏಳಲಾರದೆ ಅಲ್ಲೇ ಕೂತುಬಿಡ್ತಾರೆ."

"ಮಂಡಕ್ಕಿ ಉಬ್ಬಿದಂಗೆ?" ಎಂದ ವೀರಬಸಪ್ಪ ಬಾಗಿಲಿನಿಂದ.

"ಹಂಗೇ ದೊಡ್ಡಪ್ಪ. ಉಬ್ಬಿದ ಮೇಲೆ ಮತ್ತೆ ಅಕ್ಕಿ ಆಗಲ್ಲ. ಅವೇ ಗುಡ್ಡೆ ಬಿದ್ದು ದಾರಿ ಸಣ್ಣದಾಗ್ತದೆ."

"ಮತ್ತ ಕೆಡಿಸೋದು ಯಾವುದು?" ದ್ಯಾಮಮ್ಮ ಕೇಳಿದಳು.

ಶರಣ್ಯ ಗಡಿಗೆಗಳ ಬಾಯಿ ಮುಚ್ಚಿದಳು. "ಇದೊಂದೇ ಅಂತ ಹೇಳೋಕಾಗಲ್ಲ. ವಯಸ್ಸು ಐತೆ, ಬಿಪಿ ಐತೆ. ಸಕ್ಕರೆ ಕಾಯಿಲೆ ಇದ್ದೋರಿಗೆ ಸಕ್ಕರೆನೂ ಅಂಟಿಕೊಂಡು ಕೆಡಿಸ್ತದೆ. ಬೀಡಿ ಐತೆ. ಹೊಗೆ ಐತೆ."

ಹಿತ್ತಲಿನಾಚೆ ಭಟ್ಟಿ ಒಂದು ತಿಂಗಳಿಂದ ಆರಿತ್ತು. ಎಲ್ಲರೂ ಅದೇ ಕಡೆ ನೋಡಿದರು.

"ಅಂದ್ರ ತಿಂದೋರು ತಿಂದ್ರು," ಎಂದಳು ದ್ಯಾಮಮ್ಮ ನಿಧಾನವಾಗಿ. "ನಮ್ಮೋರು ಹೊಗಿಯೊಳಗ ನಿಂತ್ರು."

"ಅತ್ಗೆ, ನಾನೇನು ಬೇಕು ಅಂತ..." ಈಶ್ವರ ಎದ್ದ.

"ನೀ ಬೇಕು ಅಂತ ಮಾಡಿದಿ ಅಂತ ನಾ ಅನ್ನಲ್ಲಪ್ಪ. ಮಾವ ಹಂಚಿದ್ರು. ಇಪ್ಪತ್ತೆಂಟು ವರ್ಷ ನಮ್ಮೋರೊಬ್ಬರೇ ಹೊಗಿ ಉಂಡ್ರು. ಇನ್ನು ಮ್ಯಾಲ ನೀನು ಬೆಂಕಿ ಮುಂದ, ಅವರು ತಕ್ಕಡಿ ಮುಂದ. ನ್ಯಾಯ ಹೌದೋ ಅಲ್ಲೋ, ರೋಜಾ ಹೇಳ್ಲಿ."

ರೋಜಾ ಗಂಡನ ಅಂಗಿ ನೋಡಿದಳು.

"ಆಗ್ಲಿ ಅತ್ಗೆ," ಎಂದ ಈಶ್ವರ.

ಅಪ್ಪನ ಎದೆಯನ್ನೂ ಹೊಗೆಗೆ ಒಡ್ಡಲು ತಾನು ಇದನ್ನೆಲ್ಲ ಹೇಳಲಿಲ್ಲವೆಂದು ಶರಣ್ಯ ಕೂಗಿದಳು. ದೀಪಾವಳಿಗೆ ಎಂಟು ದಿನವಿತ್ತು, ಅಂಗಡಿಯಲ್ಲಿ ಮಂಡಕ್ಕಿ ಮುಗಿದಿತ್ತು. ಯಾರೂ ಕೇಳಲಿಲ್ಲ.

ಮರುದಿನವೇ ಅವಳು ಜೂನ್ ತಿಂಗಳ ಕಾಗದ ತೆಗೆದುಕೊಂಡು ಹೋಗಿ ಶ್ರೀಕಾಂತರಿಗೆ ತೋರಿಸಿದಳು. ಅವರು ಓದಿ, ಸೂಜಿಯ ಟ್ರೇಯನ್ನು ಅವಳ ಕಡೆ ತಳ್ಳಿದರು. "ಅದೃಷ್ಟ ಚೆನ್ನಾಗಿತ್ತು. ಅದೃಷ್ಟ ನಂಬಿಕೊಂಡು ಇನ್ನೊಮ್ಮೆ ಹಾಗೆ ಮಾಡಬೇಡ." ಆದರೆ ಶಿಕಾರಿಪುರದ ಗಿರಾಕಿಗಳು ಕಾಗದ ನೋಡಿ ನಂಬುವವರಲ್ಲ. ಲೋಕಮ್ಮನ ಬಾಗಿಲು ಅವಳಿಗೆ ತೆರೆಯಲಿಲ್ಲ. ದೊಡ್ಡವ್ವ ಕಟ್ಟಿದ ಗಂಟನ್ನು ದೊಡ್ಡವ್ವನೇ ಬಿಚ್ಚಬೇಕಿತ್ತು. ದ್ಯಾಮಮ್ಮ ಬಿಚ್ಚಲಿಲ್ಲ.

ಅಂಗಡಿಯಲ್ಲಿ ವೀರಬಸಪ್ಪ ಮೊದಲ ಬಾರಿಗೆ ಬಿಳಿ ಅಂಗಿ ತೊಟ್ಟು ಕೂತ. ತಕ್ಕಡಿ ಸರಿ ಹಿಡಿಯುತ್ತಿದ್ದ, ಬಾಯಿ ಮಾತ್ರ ಹಿಡಿಯುತ್ತಿರಲಿಲ್ಲ. ಒಂದು ಹಿಡಿ ಎತ್ತಿ ರುಚಿ ನೋಡಿದ ಹೆಂಗಸಿಗೆ, "ತಗಳ್ಳೋದಾದ್ರೆ ತಿನ್ನವ್ವ, ಇಲ್ದಿದ್ರೆ ಚೀಲ ಯಾಕೆ ಖಾಲಿ ಮಾಡ್ತೀಯ?" ಎಂದ. ಈಶ್ವರನಾದರೆ ಇನ್ನೊಂದು ಹಿಡಿ ತಾನೇ ಕೊಡುತ್ತಿದ್ದ.

ಎರಡನೇ ವಾರ ಚೌಡಪ್ಪ ಬಂದ. ಸಂತೆಯಲ್ಲಿ ಮಂಡಕ್ಕಿಯ ಗಿರ್ಮಿಟ್ ಕಲಸಿ ಮಾರುವವನು, ಹಳೆಯ ಗಿರಾಕಿ. ಒಂದು ಕಾಳು ಬಾಯಿಗೆ ಹಾಕಿ ಕಣ್ಣರಳಿಸಿದ.

"ಏನ್ರೀ ವೀರಬಸಪ್ಪಾರೇ, ಮಂಡಕ್ಕಿ ಈ ಸಲ ಗರಿಗರಿ ಐತಲ್ರೀ! ಉಪ್ಪೂ ಹದ ಕೂತೈತಿ. ಸಣ್ಣಾರು ಹುರದಾರಂತ?"

"ಹೂಂ."

"ಇಷ್ಟು ದಿನ ತಕ್ಕಡಿ ಹಿಡಿಸಿ ಅವ್ರನ್ನ ಹಾಳು ಮಾಡಿದ್ರಿ ಬಿಡ್ರಿ."

ವೀರಬಸಪ್ಪ ಅಂದು ಮಧ್ಯಾಹ್ನ ಮನೆಗೆ ಬಂದು ಊಟ ಬಡಿಸಿದರೂ ತಟ್ಟೆಯ ಮುಂದೆ ಕೂತೇ ಇದ್ದ.

"ಎದಿ ನೋವೇನ್ರಿ?" ದ್ಯಾಮಮ್ಮ ಗಾಬರಿಯಾದಳು.

"ಗರಿಗರಿ ಅಂತೆ."

"ಏನು?"

"ಎರಡು ವಾರ ಆಯ್ತು ಅವನು ಸೌಟು ಹಿಡಿದು. ಉಪ್ಪಿನ ಹದ ನನಗೆ ಹತ್ತು ವರ್ಷ ಬಂದಿರ್ಲಿಲ್ಲ."

ದ್ಯಾಮಮ್ಮ ಹಿತ್ತಲಿಗೆ ಹೋದಳು. ಹಗ್ಗದ ಬೇಲಿಯ ಕಡೆ ಈಗ ಬಿಳಿ ಅಂಗಿಗಳಿದ್ದವು. ಅವಳೇ ಆಸೆಪಟ್ಟು ಹರವಿದ್ದು. ನೀಲಿ ಹಾಕುವ ಅಳತೆ ಗೊತ್ತಿಲ್ಲದೆ ಅವು ಮೈಗೆ ಪೆಟ್ಟು ಬಿದ್ದಂತೆ ಕಲೆ ಕಲೆಯಾಗಿದ್ದವು. ಬಾವಿಯ ಕಡೆ ರೋಜಾ ಕಲ್ಲಿನ ಮೇಲೆ ಈಶ್ವರನ ಅಂಗಿ ಕುಕ್ಕುತ್ತಿದ್ದಳು. ಮಸಿ ಹೋಗುತ್ತಿರಲಿಲ್ಲ. ಕುಕ್ಕುತ್ತಲೇ ಅಳುತ್ತಿದ್ದಳು. ಭಟ್ಟಿಯೊಳಗಿಂದ ಕೆಮ್ಮು ಕೇಳುತ್ತಿತ್ತು.

ದ್ಯಾಮಮ್ಮ ನೋಡುತ್ತ ನಿಂತಳು. ಇದನ್ನೇ ಅವಳು ಕೇಳಿದ್ದು.

"ಸೋಪು ಹಚ್ಚಿದ್ರ ಹೋಗಲ್ಲ ಅದು," ಎಂದಳು ಕೊನೆಗೆ. "ಅಂಟುವಾಳದ ನೀರಾಗ ಹಿಂದಿನ ದಿನಾನೇ ನೆನಸಬೇಕು. ಆಮ್ಯಾಲ ಬೂದಿ. ಅಂಗಿಯಿಂದ ಅರ್ಧನಾದ್ರೂ ಹೋಗ್ತೈತಿ."

ರೋಜಾ ತಲೆ ಎತ್ತಲಿಲ್ಲ. "ರಾತ್ರಿಯೆಲ್ಲ ಕೆಮ್ತಾರೆ ಅಕ್ಕ. ಮೂಗಿಂದ ಕಪ್ಪಗೆ ಬರ್ತದೆ. ನಿಮ್ಮೋರದು ಹೀಗೇ ಇತ್ತಾ?"

"ಮದುವಿ ಆದ ವರ್ಷದಿಂದ."

"ಒಂದಿನನೂ ಹೇಳಲಿಲ್ವಲ್ಲ ನೀವು."

"ನಿನಗ್ಯಾಕ ಹೇಳ್ಲಿ? ನಿನ್ನ ಗಂಡನ ಅಂಗಿ ಬೆಳ್ಳಗಿತ್ತು."

ಅಷ್ಟರಲ್ಲಿ ಭಟ್ಟಿಯೊಳಗೆ ಗದ್ದಲವಾಯಿತು. ಊಟ ಬಿಟ್ಟೆದ್ದ ವೀರಬಸಪ್ಪ ಹಿಂಬಾಗಿಲಿನಿಂದ ಅಲ್ಲಿಗೇ ಹೋಗಿದ್ದ. ಇಬ್ಬರು ಹೆಂಗಸರೂ ಓಡಿದರು. ಹೊಟ್ಟು ಹಸಿಯಾಗಿತ್ತೆಂದು ಈಶ್ವರ ಟೈರಿನ ತುಂಡು ಹಾಕಿದ್ದ. ಕಪ್ಪು ಹೊಗೆ ತಗಡಿಗೆ ಬಡಿದು ಕೆಳಗಿಳಿಯುತ್ತಿತ್ತು. ಅಣ್ಣತಮ್ಮಂದಿರಿಬ್ಬರೂ ಒಂದೇ ಸೌಟಿನ ಹಿಡಿಕೆ ಹಿಡಿದು ಎಳೆದಾಡುತ್ತಿದ್ದರು.

"ಬಿಡು ಈಶ್ಯಾ, ಮರಳು ಸೀದು ಹೋಗ್ತದೆ. ನಿನಗೆ ಬರಲ್ಲ."

"ಬರ್ತದೆ ಅಣ್ಣ, ನೀನು ಹೊರಗೆ ಹೋಗು. ಡಾಕ್ಟ್ರು ಏನಂದಾರೆ?"

"ನನ್ನ ಭಟ್ಟಿ ಇದು!"

"ಅತ್ಗೆ ನಂಗೆ ಕೊಟ್ಟಾರೆ!"

ದ್ಯಾಮಮ್ಮ ಸುತ್ತ ನೋಡಿದಳು. ಅಕ್ಕಿಗೆ ಚಿಮುಕಿಸುವ ಉಪ್ಪುನೀರಿನ ಬಕೆಟ್ಟು ಬಾಗಿಲಲ್ಲೇ ಇತ್ತು. ಎರಡೂ ಕೈಯಲ್ಲಿ ಎತ್ತಿ ಒಲೆಯ ಬಾಯಿಗೆ ಎರಚಿದಳು. ಚೊಯ್ ಎಂದು ಆವಿ, ಬೂದಿ ಎದ್ದು ನಾಲ್ವರ ಮುಖಕ್ಕೂ ಬಡಿಯಿತು.

"ಇಬ್ರೂ ಹೊರಗ ಬರ್ರಿ," ಎಂದಳು ಕೆಮ್ಮುತ್ತ. "ಯಾರಿಗೂ ಬ್ಯಾಡ ಇದು. ನಾ ಒಬ್ಬಾಕಿ ಆ ಅಂಗಿ ಒಗದದ್ದು ಸಾಕು."

"ಅಂಗಡಿ?" ಎಂದ ವೀರಬಸಪ್ಪ. ಅವನ ಬಿಳಿ ಅಂಗಿ ಪೂರ್ತಿ ಕಪ್ಪಾಗಿತ್ತು.

"ಗ್ಯಾಸಿನ ಮಷೀನಿನಾಗ ಹುರಿಯೋರು ಶಿರಾಳಕೊಪ್ಪದಾಗ ಅದಾರಂತ. ಅವರ ಹತ್ರ ತರಸ್ರಿ. ನಿಮ್ಮ ಉಪ್ಪಿನ ಹದ ಹೋಗಿ ಅವರಿಗೆ ಕಲಿಸ್ರಿ. ತಮ್ಮಗ ಮಾತ್ರ ಕಲಿಸಬ್ಯಾಡ್ರಿ. ನಿಮಗ ಹೊಟ್ಟಿಕಿಚ್ಚು."

ಈಶ್ವರನಿಗೆ ನಗು ಬಂತು. ನಗಲು ಹೋಗಿ ಕೆಮ್ಮಿದ. ಅಣ್ಣ ಅವನ ಬೆನ್ನು ತಟ್ಟಿದ.

ದೀಪಾವಳಿ ಕಳೆದು ಎರಡನೇ ಸೋಮವಾರ ಶರಣ್ಯ ಬಸ್ಸಿಗೆ ಹೊರಡುವಾಗ ದ್ಯಾಮಮ್ಮ ಜಗಲಿಯ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಲೋಕಮ್ಮ. ತಾನೇ ಕೂಗಿ ಕರೆಸಿ ಕೂರಿಸಿಕೊಂಡಿದ್ದಳು.

"ನೆನ್ನಿ ಸಂಜಿಯಿಂದ ಏನೂ ತಿಂದಿಲ್ಲ," ಎಂದು ದ್ಯಾಮಮ್ಮ ರವಿಕೆಯ ತೋಳು ಮೇಲೆ ಸರಿಸಿ ಕೈ ಚಾಚಿದಳು. "ಆ ಹೊಗಿಯೊಳಗ ಜರಡಿ ಹಿಡಿದಾಕಿ ನಾನು. ನನ್ನ ಬೆಣ್ಣಿನೂ ಎಷ್ಟೈತಿ ನೋಡು."

ಶರಣ್ಯ ಬ್ಯಾಗು ಇಳಿಸಿದಳು. ಕೈ ಒರೆಸಿಕೊಂಡು, ಪಟ್ಟಿ ಬಿಗಿದು, ನರ ಹುಡುಕಿ ಸೂಜಿ ಇಳಿಸಿದಳು. ನಳಿಗೆ ತುಂಬಿತು. ಸೂಜಿ ತೆಗೆದು ಹತ್ತಿ ಒತ್ತಿದಳು. ಆಮೇಲೆ ಬೇರೆ ಏನನ್ನೂ ಮುಟ್ಟದೆ, ಅವಳ ಎದುರೇ ಪೆನ್ನು ತೆಗೆದು ಚೀಟಿಯ ಮೇಲೆ ಬರೆದು, ಅಂಟಿಸಿ, ಗಟ್ಟಿಯಾಗಿ ಓದಿದಳು.

"ದ್ಯಾಮಮ್ಮ, ಗಂಡ ವೀರಬಸಪ್ಪ, ಐವತ್ತಮೂರು ವರ್ಷ. ಸರೀನಾ ದೊಡ್ಡವ್ವ?"

"ಸರಿ." ದ್ಯಾಮಮ್ಮ ಲೋಕಮ್ಮನ ಕಡೆ ತಿರುಗಿದಳು. "ನೋಡಿದೇನು? ಇಂಥ ಕೈ ಇಡೀ ಊರಾಗಿಲ್ಲ. ಅವತ್ತು ತಪ್ಪು ಮಾತಾಡಿದಾಕಿ ನಾನು. ಚಾಚು ಕೈ."

ಲೋಕಮ್ಮ ಸೆರಗಿನೊಳಗಿಂದ ಕೈ ತೆಗೆದಳು.

ಎರಡೂ ನಳಿಗೆಗಳನ್ನು ಡಬ್ಬಿಯೊಳಗಿಟ್ಟು ಶರಣ್ಯ ಮೆಟ್ಟಿಲಿಳಿದಳು. ಗೇಟಿನ ಹತ್ತಿರ ಹೋಗಿದ್ದಳು, ಹಿಂದಿನಿಂದ ದೊಡ್ಡವ್ವ ಮತ್ತೆ ಕೂಗಿದಳು.

"ಏ ಶರಣ್ಯಾ!"

"ಏನು ದೊಡ್ಡವ್ವ?"

ದ್ಯಾಮಮ್ಮ ಒಳಗೊಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದಳು.

"ನಿಮ್ಮವ್ವಂದು ತೆಗದಿಯೇನು? ಆಕೀದು ಎಷ್ಟು ಬಂತು, ಅದನ್ನ ಮೊದಲು ಹೇಳು."